ಮೂರು ಸಲ ತೊಳೆದ ತಟ್ಟೆಗಳು

ಯಾರ ಮನೆಯಿಂದಲಾದರೂ ಪಾತ್ರೆ ಎರವಲು ತಂದರೆ ಅದನ್ನು ಮೂರು ಸಲ ತೊಳೆದು ಹಿಂದಿರುಗಿಸುತ್ತೇನೆ. ಮಗಳು ನಗುತ್ತಾಳೆ. ಸೊಸೆ ನಗುವುದಿಲ್ಲ, ಆದರೆ ನಲ್ಲಿ ನೀರಿನ ಸದ್ದು ನಿಲ್ಲದಿದ್ದರೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಮುದುಕಿಗೆ ಶುಚಿಯ ಹುಚ್ಚು ಎಂದು ಇಬ್ಬರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಮಾಡಿಕೊಳ್ಳಲಿ. ಬೀದಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನನ್ನನ್ನು ‘ನೇರ ಹೆಂಗಸು, ಮುಚ್ಚುಮರೆ ಇಲ್ಲದೋಳು’ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದರೆ, ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿಯ ಮೇಲೆ. ಆ ಹುಡುಗಿ ನಾನೇ.

ಹೋದ ವರ್ಷ ಹೆಂಗಸರ ಸಂಘದ ಸಭೆಯಲ್ಲಿ ಯಾರೋ ಮೈಕು ಕೊಟ್ಟು, ‘ನಿಮ್ಮ ಬದುಕಿಗೆ ಸ್ಫೂರ್ತಿ ಯಾರು, ನಾಲ್ಕು ಮಾತು ಹೇಳಿ’ ಅಂದರು. ಎರಡು ಗಾದೆ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು ಇಳಿದು ಬಂದೆ. ಅಲ್ಲೂ ನಿಜ ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಇದು.

ಆಗ ನಾವು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯ ಒಂದು ಹಳ್ಳಿಯಲ್ಲಿದ್ದೆವು. ರೇಷ್ಮೆಗೆ ಚಿನ್ನದಂಥ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಡುಮನೆಯಲ್ಲಿ, ಪಡಸಾಲೆಯಲ್ಲಿ, ಕೆಲವರ ಮನೆಯಲ್ಲಿ ದೇವರ ಗೂಡಿನ ಕೆಳಗಡೆಯೂ ಹುಳ. ಮನುಷ್ಯರು ಜಗಲಿಗೆ ಬಂದು ಮಲಗುತ್ತಿದ್ದರು. ಕನಕಪುರದ ಕಡೆಯ ನಮ್ಮ ನೆಂಟರೊಬ್ಬರು, ಹುಳ ಗೂಡು ಕಟ್ಟುವ ವಾರ ಎಂದು ಮಗಳ ಮದುವೆಯನ್ನೇ ಮುಂದಕ್ಕೆ ಹಾಕಿದರು. ಗಂಡಿನ ಕಡೆಯವರೂ ಹುಳದ ಮನೆಯವರೇ ಆದ್ದರಿಂದ ಒಬ್ಬರೂ ತುಟಿ ಬಿಚ್ಚಲಿಲ್ಲ.

ಹುಳ ಸಾಕುವುದು ತಟ್ಟೆಯಲ್ಲಿ. ಊಟದ ತಟ್ಟೆಯಲ್ಲ, ಬಿದಿರಿನ ದೆಬ್ಬೆಯಿಂದ ಹೆಣೆದದ್ದು, ಎರಡು ಕೈ ಚಾಚಿ ಹಿಡಿಯಬೇಕು, ಅಷ್ಟು ಅಗಲ. ಹುಳ ಚಿಕ್ಕದಿದ್ದಾಗ ನಾಲ್ಕು ತಟ್ಟೆ ಸಾಕು, ಬೆಳೆದ ಮೇಲೆ ಎಷ್ಟಿದ್ದರೂ ಸಾಲದು. ಊರಿಗೆ ಊರೇ ಹುಳ ಸಾಕಲು ನಿಂತಿದ್ದರಿಂದ ಮೇದರ ಬೀದಿಯಲ್ಲಿ ಹೇಳಿಟ್ಟು ಎರಡು ತಿಂಗಳು ಕಾಯಬೇಕಾಗಿತ್ತು. ಹಾಗಾಗಿ ಒಂದು ಮನೆಯ ಬೆಳೆ ಮುಗಿದರೆ ಆ ಮನೆಯ ತಟ್ಟೆಗಳು ಇನ್ನೊಂದು ಮನೆಗೆ ಎರವಲು ಹೋಗುತ್ತಿದ್ದವು. ಇದಕ್ಕೆ ನಮ್ಮ ಬೀದಿಯಲ್ಲೊಂದು ಕಟ್ಟುಪಾಡಿತ್ತು. ಕೊಡುವವರು ತೊಳೆದು, ಔಷಧಿ ಹೊಡೆದು, ಬಿಸಿಲಿಗೆ ಒಣಗಿಸಿಯೇ ಕೊಡಬೇಕು. ತೆಗೆದುಕೊಳ್ಳುವವರು ‘ಔಷಧಿ ಹೊಡೆದಿದ್ದೀರಾ’ ಎಂದು ಕೇಳಬಾರದು. ಕೇಳಿದರೆ ಆ ಮನೆಯ ಹೆಂಗಸರನ್ನು ಕೊಳಕರು ಅಂದ ಹಾಗೆ. ಮತ್ತೆ ತಟ್ಟೆ ವಾಪಸು ಬರುವಾಗ ಬರಿದಾಗಿ ಬರಬಾರದು, ಮೇಲಿನ ತಟ್ಟೆಯಲ್ಲಿ ಅವರ ಹೊಸ ಬೆಳೆಯ ಒಂದು ಹಿಡಿ ಗೂಡು ಇರಬೇಕು.

ನಮ್ಮ ಪಕ್ಕದ ಮನೆಯವಳನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ರಕ್ತಸಂಬಂಧ ಏನಿಲ್ಲ. ನಮ್ಮ ಕಡೆ ಅವ್ವ ಅಂದವರಿಗೆ ಬಹುವಚನವೂ ಇಲ್ಲ. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡನ ಪಾಲಿನ ಇಪ್ಪತ್ತು ಗುಂಟೆ ಹಿಪ್ಪುನೇರಳೆ ತೋಟವೊಂದು ಅವಳ ಕೈಯಲ್ಲಿತ್ತು. ಮೈದುನನ ಕಣ್ಣು ಅದರ ಮೇಲಿತ್ತು. ಅವನು ಮಾರಮ್ಮನ ಗುಡಿಯ ಜಗಲಿಯಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸಿ ಮಾತು ಕಟ್ಟಿದ್ದ.

“ಒಂಟಿ ಎಂಗ್ಸು, ಉಳ ಸಾಕಾಕಾಯ್ತದಾ? ಆಯ್ತು, ಈ ಕಾರ್ತೀಕದಲ್ಲಿ ತಾನೇ ಒಂದ್ ಬೆಳೆ ಎತ್ತಿ ತೋರುಸ್ಲಿ. ಎತ್ತುದ್ರೆ ತೋಟ ಅವಳ್ದೇ, ನಾನ್ ಆ ಕಡೀಕೆ ತಲೆ ಆಕಿ ಮಲಗಾಕಿಲ್ಲ. ಬೆಳೆ ಓಯ್ತು ಅಂದ್ರೆ ತೋಟ ನಮ್ ಕೈಗೆ ಬುಟ್ಟು, ನಮ್ಮನೇಲೇ ಉಂಡ್ಕೊಂಡಿರ್ಲಿ.”

ದೊಡ್ಡವ್ವ “ಆಗ್ಲಿ” ಅಂದಿದ್ದಳು. ಕಾಗದದಲ್ಲಿ ಏನಿತ್ತೋ ಯಾರೂ ನೋಡಲಿಲ್ಲ, ಊರಲ್ಲಿ ನಡೆಯುತ್ತಿದ್ದದ್ದು ಜಗಲಿಯ ಮಾತು. ಮೈದುನನ ಮನೆಯಲ್ಲಿ ಉಂಡುಕೊಂಡಿರುವುದು ಅಂದರೆ ಏನು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಕೊಟ್ಟಿಗೆ ಬಾಚಬೇಕು, ಮುಸುರೆ ತಿಕ್ಕಬೇಕು, ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣಬೇಕು.

ನಾನು ಆ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬಳೇ ಸೊಸೆ. ರೇಷ್ಮೆ ಇಲಾಖೆಯವರ ತರಬೇತಿಗೂ ಹೋಗಿ ಬಂದಿದ್ದೆ. ಬಂದವಳು ಸುಮ್ಮನಿದ್ದೆನೇ? ಕಂಡ ಕಂಡ ಹೆಂಗಸರಿಗೆಲ್ಲ ಸೋಂಕು, ರೋಗಾಣು, ಶುದ್ಧೀಕರಣ ಎಂದು ಪಾಠ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಗಂಡಸರನ್ನೂ ಬಿಡುತ್ತಿರಲಿಲ್ಲ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅನ್ನುತ್ತಾರಲ್ಲ, ಆ ಗಾದೆ ನನಗಾಗಿಯೇ ಹುಟ್ಟಿತ್ತು.

ಆ ಸಲ ನಮ್ಮ ಬೆಳೆಯ ಕೊನೆಯಲ್ಲಿ ಒಂದು ತಟ್ಟೆಯಲ್ಲಿ ಏಳೆಂಟು ಹುಳ ಸೆಟೆದು ಬೆಳ್ಳಗಾಗಿದ್ದವು. ಸುಣ್ಣಕಟ್ಟು. ಸತ್ತ ಹುಳ ಸೀಮೆಸುಣ್ಣದ ಹಾಗೆ ಗಟ್ಟಿಯಾಗುವ ರೋಗ ಅದು. ಅದರ ಬಿಳಿ ಪುಡಿ ಬಿದಿರಿನ ಸಂದಿಯಲ್ಲಿ ಕೂತರೆ ತಿಂಗಳುಗಟ್ಟಲೆ ಸಾಯುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ತರಬೇತಿ ಆದವಳ ಮನೆಯಲ್ಲೇ ರೋಗ ಬಂತು ಅಂದರೆ ನಗೆಪಾಟಲು ಎಂದು ನಾನು ಆ ಹುಳಗಳನ್ನು ಯಾರಿಗೂ ತೋರಿಸದೆ ಆರಿಸಿ ಒಲೆಗೆ ಹಾಕಿದೆ. ಉಳಿದವು ಚೆನ್ನಾಗಿಯೇ ಗೂಡು ಕಟ್ಟಿದವು. ಅತ್ತೆಗೂ ತಿಳಿಯಲಿಲ್ಲ, ಗಂಡನಿಗೂ ತಿಳಿಯಲಿಲ್ಲ.

ಬೆಳೆ ಮುಗಿದ ಮೇಲೆ ತಟ್ಟೆಗಳ ಕೆಲಸ ನನ್ನದು. ಹುಳದ ಮನೆಯ ಸೊಸೆಗೆ ತವರು ಎಂದರೆ ಬೆಳೆಗೂ ಬೆಳೆಗೂ ನಡುವೆ ಸಿಕ್ಕುವ ನಾಲ್ಕು ದಿನ. ಹುಳ ಇರುವಾಗ ತಾಯಿ ಸತ್ತರೂ ಕೈ ತೊಳೆದುಕೊಂಡು ಹೊರಡುವ ಹಾಗಿರಲಿಲ್ಲ. ಮಾಗಡಿ ತಾಲ್ಲೂಕಿನ ಸೋಲೂರಿನ ಹತ್ತಿರ ನನ್ನ ತವರು. ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಮರುದಿನ ಬೆಳಿಗ್ಗೆ ಇತ್ತು. ಅತ್ತೆ, ಗಂಡ ಇಬ್ಬರೂ ತೋಟದ ಗಿಡ ಸವರಲು ಹೋಗಿದ್ದರು. ಹೋಗುವಾಗ ಅತ್ತೆ ಹೇಳಿದ್ದು ಒಂದೇ ಮಾತು.

“ತಟ್ಟೆ ಕೆಲ್ಸ ಮುಗುಸ್ಬುಟ್ಟು ಓಗವ್ವ. ಪಕ್ಕದ ಮನೆಗೆ ಎಂಟು, ಮೂಲೆಮನೆಗೆ ಹನ್ನೆರಡು ಕೊಡ್ತೀವಿ ಅಂತ ಒಪ್ಕೊಂಡಿವ್ನಿ.”

ನಾಲ್ಕು ದಿನದಿಂದ ಜಡಿ ಹಿಡಿದಿತ್ತು. ಬಿಸಿಲು ಇರಲಿಲ್ಲ. ಔಷಧಿ ಕಲಸಿ, ಮನೆ ಬಾಗಿಲು ಮುಚ್ಚಿ ಹೊಡೆದು, ಒಂದು ದಿನ ಬಿಟ್ಟು ತೆಗೆಯುವಷ್ಟರಲ್ಲಿ ತೊಟ್ಟಿಲ ಶಾಸ್ತ್ರ ಮುಗಿದುಹೋಗುತ್ತಿತ್ತು. ಔಷಧಿ ಡಬ್ಬ ಅಟ್ಟದ ಮೇಲಿತ್ತು. ನಾನು ಏಣಿ ಹತ್ತಲಿಲ್ಲ. ಇಪ್ಪತ್ತೂ ತಟ್ಟೆಗಳಿಗೆ ನಾಲ್ಕು ಕೊಡ ಬರಿ ನೀರು ಸುರಿದು, ಹಳೇ ಸೀರೆಯಲ್ಲಿ ಒರೆಸಿ, ಗೋಡೆಗೆ ಒರಗಿಸಿದೆ. ಮಧ್ಯಾಹ್ನ ಅತ್ತೆ ಬಂದು, “ಔಸ್ದಿ ಹೊಡುದ್ಯಾ?” ಅಂದರು.

“ಹೊಡ್ದೆ ಅತ್ತೆ.”

ಇಷ್ಟೇ. ಎರಡು ಪದ. ಆಮೇಲೆ ರಾಮನಗರಕ್ಕೆ ಬಸ್ಸು ಹಿಡಿದೆ, ಅಲ್ಲಿಂದ ಮಾಗಡಿಗೆ, ಅಲ್ಲಿಂದ ಸೋಲೂರಿಗೆ. ತಂಗಿಯ ಮಗುವಿನ ಕಿವಿಯಲ್ಲಿ ಹೆಸರು ಕೂಗಿ, ಹೋಳಿಗೆ ಉಂಡು, ಮೂರು ದಿನ ಹಾಯಾಗಿದ್ದೆ. ತಟ್ಟೆಯ ನೆನಪು ಒಂದು ಸಲವೂ ಬರಲಿಲ್ಲ. ಇದನ್ನು ಬರೆಯುವಾಗ ನನಗೆ ಹೆಚ್ಚು ನಾಚಿಕೆಯಾಗುವುದು ಆ ಹಾಯಾದ ಮೂರು ದಿನಕ್ಕೆ.

ನಾನು ತಿರುಗಿ ಬರುವಷ್ಟರಲ್ಲಿ ತಟ್ಟೆಗಳು ಎರಡೂ ಮನೆಗೆ ಹೋಗಿದ್ದವು. ದೊಡ್ಡವ್ವನ ಹುಳ ಆಗಿನ್ನೂ ಚಿಕ್ಕವು, ಸ್ವಂತ ತಟ್ಟೆಗಳೇ ಸಾಕಾಗಿದ್ದವು. ಮೂಲೆಮನೆಯವರು ಇನ್ನೂ ಮೊಟ್ಟೆಯನ್ನೇ ತಂದಿರಲಿಲ್ಲ, ಹದಿನೈದು ದಿನ ಹಿಂದಿದ್ದರು. ಆಮೇಲೆ ಬೇಡಿದರೆ ಸಿಕ್ಕದು ಎಂದು ಮೊದಲೇ ಒಯ್ದು ಅಟ್ಟದಲ್ಲಿ ಜೋಡಿಸಿಟ್ಟಿದ್ದರು.

ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ, ತಲೆ ಎತ್ತಿ, ಒಂದು ದಿನ ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರ ಎದ್ದ ಹುಳಕ್ಕೆ ಹಸಿವೂ ಹೆಚ್ಚು, ಜಾಗವೂ ಹೆಚ್ಚು ಬೇಕು. ಮೂರನೇ ಜ್ವರ ಎದ್ದ ದಿನ ದೊಡ್ಡವ್ವ ತನ್ನ ಹುಳವನ್ನು ನಮ್ಮ ಎಂಟು ತಟ್ಟೆಗಳಿಗೆ ಹರಡಿದಳು. ಎಂಥಾ ಹುಳ ಅಂತೀರಿ. ಒಂದೇ ಸಮ, ಮಲ್ಲಿಗೆ ಮೊಗ್ಗಿನ ಬಣ್ಣ. ಸೊಪ್ಪು ಹಾಕಿದರೆ ಸೋನೆ ಮಳೆ ಹಿಡಿದ ಹಾಗೆ ಸರಸರ ಸದ್ದು. ಅವಳು ಬೆಳಕು ಹರಿಯುವ ಮುಂಚೆ ತೋಟಕ್ಕೆ ಹೋಗಿ, ಸೊಪ್ಪು ಕೊಯ್ದು, ತಲೆಯ ಮೇಲೆ ಹೊತ್ತು ತಂದು, ನೀರು ಒರೆಸಿ, ಹುಳಕ್ಕೆ ಹಾಕಿದ ಮೇಲೆಯೇ ತನ್ನ ಬಾಯಿಗೆ ನೀರು ಹಾಕುತ್ತಿದ್ದಳು. ಮೈದುನ ಎರಡು ಸಲ ಬಂದು ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಹೋದ. ನಾವೆಲ್ಲ ಒಳಗೊಳಗೇ ನಕ್ಕೆವು.

ನಾಲ್ಕನೇ ಜ್ವರ ಎದ್ದು ಮೂರನೇ ದಿನ ದೊಡ್ಡವ್ವ ಗೋಡೆಯಾಚೆಯಿಂದ ನನ್ನನ್ನು ಕೂಗಿದಳು.

“ಒಸಿ ಬಾ ಮಗ. ಯಾಕೋ ನಾಕೈದು ಉಳ ಮಂಕಾಗವೆ. ನೀನ್ ಓದ್ದೋಳು, ನೋಡು.”

ಹೋಗಿ ನೋಡಿದೆ. ಮೈಮೇಲೆ ಎಣ್ಣೆ ಬಿದ್ದ ಹಾಗೆ ಚುಕ್ಕೆ. ಬಗ್ಗಿ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿದೆ, ಬೆರಳಿಗೆ ಬಿಳಿ ಪುಡಿ. ನಮ್ಮ ತಟ್ಟೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಥಂಡಿಗೆ ದೊಡ್ಡವ್ವ,” ಅಂದೆ. “ಥಂಡಿ ಗಾಳಿಗೆ ಹಿಂಗಾಗುತ್ತೆ. ಸುಣ್ಣ ಉದುರಿಸೋಣ.”

ಅವತ್ತೇ ಅವಳ ಕಾಲು ಹಿಡಿದುಕೊಂಡಿದ್ದರೆ, ಓಡಿ ಹೋಗಿ ಅತ್ತೆಯನ್ನು ಕರೆದು ತಂದಿದ್ದರೆ, ಅರ್ಧವಾದರೂ ಉಳಿಯುತ್ತಿತ್ತೋ ಏನೋ. ನಾನು ಹಾಗೆ ಮಾಡಲಿಲ್ಲ. ಅದರ ಬದಲು ದಿನಾ ಹೋಗಿ ಕೆಲಸ ಮಾಡಿದೆ. ಹುಚ್ಚು ಹಿಡಿದವಳ ಹಾಗೆ ಮಾಡಿದೆ. ಸುಣ್ಣ ಜರಡಿ ಹಿಡಿದೆ, ಸತ್ತ ಹುಳ ಆರಿಸಿದೆ, ಕಿಟಕಿಗೆ ಗೋಣಿ ಕಟ್ಟಿದೆ, ಕೆಂಡದ ಬಾಂಡಲಿ ಇಟ್ಟೆ. ಬೆಳಿಗ್ಗೆ ಹಿಡಿಯಷ್ಟು ಆರಿಸಿದರೆ ಸಂಜೆ ಮೊರದಷ್ಟು ಆರಿಸಬೇಕಾಗಿತ್ತು. ಒಂದೊಂದು ಹುಳ ಸೆಟೆದುಕೊಂಡಾಗಲೂ ನಾನು ಮಾರಮ್ಮನಿಗೆ ಹರಕೆ ಹೊತ್ತೆ. ಹರಕೆ ಹೊರುವುದು ಸುಲಭ, ಬಾಯಿ ಬಿಡುವುದು ಕಷ್ಟ. ಇತ್ತ ದೊಡ್ಡವ್ವ ಬಾವಿಕಟ್ಟೆಯ ಹತ್ತಿರ ಬೀದಿಯ ಹೆಂಗಸರಿಗೆಲ್ಲ ಹೇಳುತ್ತಿದ್ದಳು, “ಒಟ್ಟೇಲ್ ಉಟ್ಟಿದ್ ಮಗಳೂ ಇಂಗ್ ಮಾಡ್ತಿರ್ನಿಲ್ಲ ಕಣ್ರವ್ವ. ಆ ಎಣ್ಮಗ ಊಟ ಬುಟ್ಟು ನಿಂತದೆ.” ಊಟ ಬಿಟ್ಟಿದ್ದು ನಿಜ. ಆ ಹೊಗಳಿಕೆ ಕೇಳುವುದಕ್ಕಿಂತ ಅವಳು ನನಗೆ ಪೊರಕೆಯಲ್ಲಿ ಹೊಡೆದಿದ್ದರೆ ಎಷ್ಟೋ ವಾಸಿಯಾಗಿತ್ತು.

ಗೂಡು ಕಟ್ಟಲು ಎರಡು ದಿನ ಇದೆ ಎನ್ನುವಾಗ ತಟ್ಟೆಗಳಲ್ಲಿ ಅಲುಗುವ ಹುಳವೇ ಇರಲಿಲ್ಲ. ಎಲ್ಲವೂ ಬೆಳ್ಳಗೆ, ಗಟ್ಟಿಯಾಗಿ, ಒಂದಕ್ಕೊಂದು ತಾಕಿದರೆ ಕಡ್ಡಿಗಳ ಹಾಗೆ ಸದ್ದು ಮಾಡುತ್ತಿದ್ದವು. ಹಿತ್ತಲಲ್ಲಿ ನಾನೂ ಅವಳೂ ಗುಂಡಿ ತೋಡಿದೆವು. ಅವಳು ಒಂದೊಂದು ತಟ್ಟೆಯನ್ನೂ ಗುಂಡಿಗೆ ಬಗ್ಗಿಸುವ ಮೊದಲು ಹುಳಗಳನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ತಪ್ಪಾಯ್ತು ಕಣ್ರವ್ವ,” ಅಂದಳು, “ನಿಮ್ಮುನ್ನ ಸರ್ಯಾಗ್ ನೋಡ್ಕೊಳ್ನಿಲ್ಲ ನಾನು.” ಎಂಟು ತಟ್ಟೆ, ಎಂಟು ಸಲ. ನಾನು ಗುಂಡಿಯ ಅಂಚಿನಲ್ಲಿ ಸುಣ್ಣದ ಬುಟ್ಟಿ ಹಿಡಿದು ನಿಂತಿದ್ದೆ. ಎಂಟು ಸಲವೂ ನನ್ನ ಬಾಯಿ ತೆರೆದುಕೊಂಡಿತು, ಎಂಟು ಸಲವೂ ಮುಚ್ಚಿಕೊಂಡಿತು.

ಎರಡು ದಿನ ಬಿಟ್ಟು ಅವಳು ತಟ್ಟೆಗಳನ್ನು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಅವತ್ತು ಒಳ್ಳೆ ಬಿಸಿಲಿತ್ತು. ಬಿದಿರು ಒಣಗಿ ಹೊಸ ಬುಟ್ಟಿಯ ಬಣ್ಣಕ್ಕೆ ತಿರುಗಿತ್ತು. ಅವಳ ಕೈಗಳು ಬ್ಲೀಚಿಂಗ್ ಪುಡಿಗೆ ಸುಲಿದು, ಬೆರಳ ಸಂದಿಯಲ್ಲಿ ಕೆಂಪಗೆ ಬಿರುಕು ಬಿಟ್ಟಿದ್ದವು.

“ಮೂರ್ ಸರ್ತಿ ತೊಳ್ದಿವ್ನಿ ಕಣವ್ವ,” ಅಂದಳು. “ಬಿಸ್ನೀರಲ್ಲೊಂದ್ ಸರ್ತಿ, ಪುಡಿ ಆಕಿ ಎರಡ್ ಸರ್ತಿ. ಸೊಸೈಟಿಯಿಂದ ಔಸ್ದಿ ತಂದು ಒಡ್ದು, ಎಲ್ಡ್ ದಿನ ಬಿಸ್ಲಿಗಾಕಿದ್ದೆ. ನಮ್ಮನೆ ಉಳ ಅಂತೂ ಕೆಟ್ವು, ನಮ್ ರೋಗ ನಿಮ್ಮನೆಗ್ ಅತ್ಬಾರ್ದು ನೋಡು.”

ಮೇಲಿನ ತಟ್ಟೆಯಲ್ಲಿ ಒಂದು ಹಿಡಿ ಅವರೆಕಾಯಿ ಇತ್ತು.

“ಗೂಡಿಲ್ಲ,” ಅಂದಳು. “ಬರೀ ತಟ್ಟೆ ಕೊಡ್ಬಾರ್ದಲ್ಲ, ಅದುಕ್ಕೆ ಮಡಗಿವ್ನಿ.”

ಒಳಗಿನಿಂದ ಅತ್ತೆ ಕೇಳಿಸಿಕೊಂಡು, “ಇದೆಲ್ಲ ಯಾಕ್ ಮಾಡಕ್ ಓದ್ಯೇ,” ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ತಟ್ಟೆ ಇಳಿಸಿಕೊಂಡೆ. ಅವರೆಕಾಯಿ ಒಳಗೆ ಒಯ್ದೆ. ಸಂಜೆ ಅತ್ತೆ ಅದನ್ನೇ ಸಾರಿಗೆ ಹಾಕಿದರು, ಎಲ್ಲರೂ ಉಂಡರು. ನಾನು ತಲೆನೋವು ಅಂದೆ.

ಮರುದಿನ ಬೆಳಿಗ್ಗೆ ಗುಡಿಯ ಜಗಲಿಯಲ್ಲಿ ಮಾತು ಸೇರಿತು. ಹಿರಿಯರು ನಾಲ್ಕು ಜನ, ಮೈದುನ, ಅಂಚಿನಲ್ಲಿ ದೊಡ್ಡವ್ವ. ನಾವು ಹೆಂಗಸರು ಬೇವಿನ ಮರದ ಕೆಳಗೆ ನಿಂತಿದ್ದೆವು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಸೀರೆ ಸೆರಗು ಬಿಗಿದುಕೊಂಡು ಹೋಗಿದ್ದೆ. ಹೇಳಿದರೆ ಅವಳ ತೋಟ ಉಳಿಯುತ್ತದೆ. ಬೆಳೆ ಹೋದದ್ದು ಅವಳ ಕೈಯಿಂದಲ್ಲ, ನಮ್ಮ ತಟ್ಟೆಯಿಂದ ಅಂತ ಗೊತ್ತಾದರೆ ಇನ್ನೊಂದು ಬೆಳೆಗೆ ಅವಕಾಶ ಕೊಡಲೇಬೇಕು. ಇದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಹಿರಿಯರಲ್ಲೊಬ್ಬರು ನಾನು ಕಾಯುತ್ತಿದ್ದ ಪ್ರಶ್ನೆಯನ್ನೇ ಕೇಳಿದರು.

“ಅಲ್ಲ ಕಣವ್ವ, ರೋಗ ಎಲ್ಲಿಂದ ಬಂತು? ತಟ್ಟೆಗಿಟ್ಟೆ ಯಾರ್ ತಾವ್ಲಾದ್ರೂ ಈಸ್ಕೊಂಡಿದ್ಯಾ?”

“ಈಸ್ಕೊಂಡಿದ್ದೆ,” ಅಂದಳು ದೊಡ್ಡವ್ವ. “ಆದ್ರೆ ಅವ್ರು ಔಸ್ದಿ ಒಡ್ದೇ ಕೊಟ್ಟಿದ್ರು. ಆ ಎಣ್ಮಗ ಟ್ರೈನಿಂಗ್ ಆದೋಳು. ಅವ್ರ ಮ್ಯಾಲೆ ತಪ್ಪಾಕ್ಬಾರ್ದು. ಸಾಕಾಕ್ ಬರ್ನಿಲ್ಲ, ನಂದೇ ತಪ್ಪು.”

ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಮೆಚ್ಚುಗೆಯಿಂದ ನೋಡಿದರು. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು, ಮುಖದಲ್ಲಿ ಹೆಮ್ಮೆ. ಆ ಹೆಮ್ಮೆಯನ್ನು ಒಡೆಯುವ ಧೈರ್ಯ ನನಗೆ ಬರಲಿಲ್ಲ. ಸತ್ಯ ಹೇಳಿದರೆ ಈ ಮನೆಯ ತಟ್ಟೆಯನ್ನು ಇನ್ನು ಯಾರೂ ಮುಟ್ಟುವುದಿಲ್ಲ, ಈ ಮನೆಗೆ ಯಾರೂ ತಟ್ಟೆ ಕೊಡುವುದಿಲ್ಲ, ಗಂಡ ಏನನ್ನುತ್ತಾನೋ, ತವರಿಗೆ ಕಳಿಸಿಬಿಟ್ಟರೆ? ಇಷ್ಟೆಲ್ಲ ಯೋಚನೆ ಮಾಡಿದೆ. ಅಷ್ಟರಲ್ಲಿ ಮೈದುನ, “ಮಾತಂದ್ರೆ ಮಾತು, ಅಲ್ವಾ?” ಅಂದ. ದೊಡ್ಡವ್ವ, “ಮಾತಂದ್ರೆ ಮಾತು,” ಅಂದಳು. ಹಿರಿಯರು ಎದ್ದು ಪಂಚೆ ಕೊಡವಿಕೊಂಡರು.

ಅವತ್ತೇ ಅವಳು ಒಂದು ಟ್ರಂಕು, ಎರಡು ಪಾತ್ರೆ, ಒಂದು ಚಾಪೆ ಎತ್ತಿಕೊಂಡು ಮೈದುನನ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಅವನ ಆಳುಗಳು ಅವಳ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದದ್ದನ್ನು ನೋಡಿದೆ.

ಆ ಎರಡು ದಿನ ಹೇಗೆ ಕಳೆದೆನೋ ಹೇಳಲಾರೆ.

ಮೂರನೇ ದಿನ ಹೊತ್ತು ನೆತ್ತಿಗೆ ಬರುವ ಸಮಯದಲ್ಲಿ ನಾನು ಮೈದುನನ ಮನೆಯ ಹಿತ್ತಲಿಗೆ ಹೋದೆ. ದೊಡ್ಡವ್ವ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ರಾಶಿ ಪಾತ್ರೆ ತಿಕ್ಕುತ್ತಿದ್ದಳು. ಸುಲಿದ ಕೈಗೆ ಬೂದಿ, ಹುಣಸೆಹಣ್ಣು ತಾಕಿ ಉರಿಯುತ್ತಿದ್ದಿರಬೇಕು, ತುಟಿ ಕಚ್ಚಿಕೊಂಡಿದ್ದಳು. ನನ್ನನ್ನು ಕಂಡು, “ಬಾ ಮಗ, ಕುಂತ್ಕೊ,” ಎಂದು ಮಣೆ ಸರಿಸಿದಳು. ಕೂತರೆ ಹೇಳಲು ಆಗುವುದಿಲ್ಲ ಎಂದು ನಿಂತೇ ಹೇಳಿದೆ.

“ದೊಡ್ಡವ್ವ, ನಿನ್ನ ಹುಳ ಸತ್ತಿದ್ದು ಥಂಡಿಗಲ್ಲ. ನಮ್ಮ ತಟ್ಟೆಯಿಂದ. ನಮ್ಮನೆ ಹುಳಕ್ಕೆ ಸುಣ್ಣಕಟ್ಟು ಬಂದಿತ್ತು, ನಾನು ಮುಚ್ಚಿಟ್ಟೆ. ತಟ್ಟೆಗೆ ಔಷಧಿ ಹೊಡೀಲಿಲ್ಲ. ತವರಿಗೆ ಹೋಗೋ ಆಸೆಗೆ ಹೊಡ್ದೆ ಅಂತ ಸುಳ್ಳು ಹೇಳ್ದೆ.”

ಅವಳ ಕೈ ನಿಂತಿತು. ಮುಖ ಒಂದೇ ಸಲಕ್ಕೆ ಇಳಿದುಹೋಯಿತು, ವಯಸ್ಸು ಹತ್ತು ವರ್ಷ ಹೆಚ್ಚಿದ ಹಾಗೆ. ನಾನು ಕಣ್ಣು ಮುಚ್ಚಿಕೊಂಡೆ. ತಪ್ಪಲೆಯಲ್ಲಿ ಹೊಡೆಯುತ್ತಾಳೆ ಅಂದುಕೊಂಡೆ. ಮಣ್ಣು ಹಿಡಿದು ತೂರುತ್ತಾಳೆ, ನಿನ್ನ ಬಸಿರು ಒಣಗಲಿ ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿ ಎಂದೇ ಬಂದಿದ್ದೆ.

“ಅವತ್ತು ಜಗ್ಲಿ ತಾವ ನೀನೂ ಇದ್ದೆ ಅಲ್ವಾ?” ಎಂದು ಕೇಳಿದಳು.

“ಇದ್ದೆ.”

ಅವಳು ತಲೆ ತಗ್ಗಿಸಿದಳು. ತಪ್ಪಲೆಯೊಳಗಿನ ಬೂದಿನೀರನ್ನು ನೋಡುತ್ತಾ ಕೂತಳು. ನಾನು ಅಳುತ್ತಿದ್ದೆ. ಅಳುತ್ತಾ ಏನೇನೋ ಹೇಳುತ್ತಿದ್ದೆ, ನನ್ನ ಪಾಪ, ನನ್ನ ಕರ್ಮ, ನನಗೆ ನರಕವೇ ಗತಿ. ನನ್ನದು, ನನಗೆ, ನನ್ನ. ಅವಳು ತಟ್ಟನೆ ತಲೆ ಎತ್ತಿದಳು.

“ಮೂಲೆಮನೆಗೂ ಕೊಟ್ಟಿದ್ರಲ್ಲ ತಟ್ಟೆ?”

ನನಗೆ ಅಳು ನಿಂತುಹೋಯಿತು. ಹನ್ನೆರಡು ತಟ್ಟೆ. ಅದೇ ನೀರು ಸುರಿದು, ಅದೇ ಸೀರೆಯಲ್ಲಿ ಒರೆಸಿದ ತಟ್ಟೆ. ಅಷ್ಟು ದಿನ ಅತ್ತಿದ್ದೆ, ಉಪವಾಸ ಇದ್ದೆ, ಹರಕೆ ಹೊತ್ತಿದ್ದೆ. ಒಂದು ಸಲವೂ ಆ ಮನೆ ನನ್ನ ತಲೆಗೆ ಬಂದಿರಲಿಲ್ಲ.

“ಅವ್ರುವು ಇವತ್ತು ಮೂರ್ನೇ ಜ್ವರ ಏಳ್ತವೆ,” ಎಂದು ಅವಳು ಎದ್ದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಒಳಗಿನಿಂದ ಓರಗಿತ್ತಿ, “ಎಲ್ಗೋಯ್ತಿದ್ದೀಯೇ, ಪಾತ್ರೆ ಅಂಗೇ ಅವೆ,” ಎಂದು ಕೂಗಿದಳು. ದೊಡ್ಡವ್ವ ತಿರುಗಿ ನೋಡಲಿಲ್ಲ. “ನಡಿ ನಡಿ,” ಎಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಆ ವಯಸ್ಸಿನಲ್ಲಿ ಅವಳು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ.

ಮೂಲೆಮನೆಯ ಹೆಂಗಸು ಅಟ್ಟದಿಂದ ತಟ್ಟೆಗಳನ್ನು ಇಳಿಸಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದಳು. ಮೂರು ತಟ್ಟೆಗೆ ಕಾಗದ ಹಾಸಿಯೂ ಆಗಿತ್ತು. ಒಳಗೆ ಜ್ವರ ಎದ್ದ ಹುಳ ತಲೆ ಎತ್ತಿಕೊಂಡು ಸೊಪ್ಪಿಗೆ ಕಾಯುತ್ತಿದ್ದವು.

“ಉಳ ಆಕ್ಬ್ಯಾಡ, ನಿಲ್ಲು,” ಅಂದಳು ದೊಡ್ಡವ್ವ, ಹೊಸ್ತಿಲಲ್ಲೇ. ಆಮೇಲೆ ನನ್ನ ಕಡೆ ನೋಡಿದಳು. ಮುಂದಿನದನ್ನು ಅವಳು ಹೇಳಲಿಲ್ಲ, ನನಗೆ ಬಿಟ್ಟಳು. ಹೇಳುವ ತನಕ ರಟ್ಟೆ ಮಾತ್ರ ಬಿಡಲಿಲ್ಲ.

ಹೇಳಿದೆ. ಮೂಲೆಮನೆಯವಳು ದೊಡ್ಡವ್ವ ಬಯ್ಯದೆ ಬಿಟ್ಟದ್ದನ್ನೆಲ್ಲ ಸೇರಿಸಿ ಬಯ್ದಳು. ಬೀದಿ ಸೇರಿತು. ಅತ್ತೆ ಬಂದರು, ಎಲ್ಲ ಕೇಳಿಸಿಕೊಂಡರು, ಆ ಹನ್ನೆರಡನ್ನು ಹೊರಿಸಿಕೊಂಡು ಹೋಗಿ ಹೊಲದ ಬದುವಿನಲ್ಲಿ ಬೆಂಕಿ ಹಚ್ಚಿದರು. ಆಮೇಲೆ ಮನೆಗೆ ಬಂದು ದೊಡ್ಡವ್ವ ಮೂರು ಸಲ ತೊಳೆದಿದ್ದ ಆ ಎಂಟನ್ನು ತೆಗೆದು ಮೂಲೆಮನೆಗೆ ಕಳಿಸಿದರು. ನನ್ನ ಜೊತೆ ಅವರು ಸಂಕ್ರಾಂತಿಯವರೆಗೂ ಮಾತಾಡಲಿಲ್ಲ.

ಗಂಡನನ್ನು ಕರೆದುಕೊಂಡು ಹೋಗಿ ಹಿರಿಯರಿಗೂ ಹೇಳಿದೆ. ಅವರು ಮೈದುನನನ್ನು ಕರೆಸಿದರು. ಅವನು ಪೂರ್ತಿ ಕೇಳಿಸಿಕೊಂಡು, “ಎರವ್ಲು ತಂದೋಳು ತಾನೇ ಇನ್ನೊಂದ್ ಸರ್ತಿ ತೊಳ್ಕೋಬೇಕಿತ್ತು. ಆವತ್ತೇ ಮಾತ್ ಮುಗುದೋಗದೆ,” ಅಂದ. ಹಿರಿಯರು ಕೊಟ್ಟ ತೀರ್ಮಾನವನ್ನು ತಿರುಗಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಎರಡು ದಿನ ಮೊದಲು ಹೇಳಿದ್ದರೆ ತೋಟ ಅವಳದಾಗಿರುತ್ತಿತ್ತು. ಇದನ್ನು ನಾನು ಬೇರೆ ಯಾವ ರೀತಿಯಲ್ಲಿ ಹೇಳಿಕೊಂಡರೂ ಅರ್ಥ ಬದಲಾಗುವುದಿಲ್ಲ.

ಮೂಲೆಮನೆಯ ಬೆಳೆ ಗೆದ್ದಿತು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೊರಡುವ ದಿನ ಆ ಹೆಂಗಸು ಎಂಟು ತಟ್ಟೆಗಳನ್ನು ನಮ್ಮ ಬಾಗಿಲಿಗೆ ತಂದಿಟ್ಟಳು. ಮೇಲಿನ ತಟ್ಟೆಯಲ್ಲಿ ಗೂಡು ಇರಲಿಲ್ಲ, ಏನೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಬರಿ ತಟ್ಟೆ ವಾಪಸು ಬಂದದ್ದು ಅದೇ ಮೊದಲು. ಆ ಒಂದು ಹಿಡಿ ಗೂಡನ್ನು ಅವಳು ಮೈದುನನ ಮನೆಯ ಕೊಟ್ಟಿಗೆಗೆ ಹೋಗಿ ದೊಡ್ಡವ್ವನ ಮಡಿಲಿಗೆ ಹಾಕಿ ಬಂದಿದ್ದಳು.

ದೊಡ್ಡವ್ವ ಅದಾದ ಮೇಲೆ ಒಂಬತ್ತು ವರ್ಷ ಬದುಕಿದ್ದಳು, ಆ ಮನೆಯಲ್ಲೇ, ಅದೇ ಕೊಟ್ಟಿಗೆ, ಅದೇ ಕಲ್ಲು. ದಾರಿಯಲ್ಲಿ ಸಿಕ್ಕರೆ ಮೊದಲಿನ ಹಾಗೆಯೇ ‘ಮಗ’ ಅನ್ನುತ್ತಿದ್ದಳು. ಅವಳ ಕೊನೆಯ ವರ್ಷದಲ್ಲಿ ಒಂದು ದಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಧೈರ್ಯ ಮಾಡಿ ಕೇಳಿದೆ, “ದೊಡ್ಡವ್ವ, ಅವತ್ತು ನೀನು ನನ್ನನ್ನ ಯಾಕೆ ಬಯ್ಯಲಿಲ್ಲ?”

ಅವಳು ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಂಡಳು, ಮರೆತದ್ದನ್ನು ನೆನಪು ಮಾಡಿಕೊಳ್ಳುವವಳ ಹಾಗೆ.

“ಬಯ್ಯಾಕೆ ಟೈಮೆಲ್ಲಿತ್ತು ಮಗ,” ಅಂದಳು. “ಅವ್ರ ಉಳ ಜ್ವರ ಎದ್ದಿದ್ವಲ್ಲ.”

ಆಮೇಲೆ ಒಂಬತ್ತು ವರ್ಷ ಟೈಮಿತ್ತಲ್ಲ ದೊಡ್ಡವ್ವ ಎಂದು ನಾನು ಕೇಳಲಿಲ್ಲ. ಅವಳು ಬಗ್ಗಿ ಸಗಣಿ ಬಾಚಿದಳು. ನಾನು ಇನ್ನೊಂದು ಪೊರಕೆ ತೆಗೆದುಕೊಂಡು ಆ ಕಡೆಯಿಂದ ಗುಡಿಸತೊಡಗಿದೆ.